ಹೆಂಡದಂಗಡಿಯ ಹಾಲಪ್ಪ ಮತ್ತೆ ಹುಡುಗನಾದದ್ದು

ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಊರು, ಆಚೆ ದಡದಲ್ಲಿ ಶಾಲೆ, ನಡುವೆ ಒಂದೇ ದೋಣಿ. ಶಾಲೆಯನ್ನು ಆಚೆ ಯಾಕೆ ಕಟ್ಟಿದರೆಂದು ಯಾರಿಗೂ ನೆನಪಿಲ್ಲ. ಮಕ್ಕಳ ಗಲಾಟೆ ಊರಿಗೆ ಕೇಳಿಸದಿರಲಿ ಎಂದಿರಬಹುದು.

ಆ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರ ಎಡಗೈಗೂ ಒಂದು ಕಪ್ಪು ದಾರ ಕಟ್ಟುತ್ತಿದ್ದರು. ಯುಗಾದಿಯ ದಿನ ಗಂಟಿನಜ್ಜಿ ಕಟ್ಟೆಯ ಮೇಲೆ ಕೂತು ಪ್ರತಿಯೊಬ್ಬರ ದಾರಕ್ಕೂ ಒಂದೊಂದು ಗಂಟು ಹಾಕುತ್ತಿದ್ದಳು. ದಾರದಲ್ಲಿ ಎಷ್ಟು ಗಂಟೋ ವಯಸ್ಸು ಅಷ್ಟು. ಹದಿನೆಂಟು ಗಂಟು ಬಿದ್ದವರು ದೊಡ್ಡವರು, ಬೀಳದವರು ಮಕ್ಕಳು. ಮಕ್ಕಳಿಗೆ ಹೆಂಡ ಹೊಯ್ಯುವ ಹಾಗಿಲ್ಲ. ಹೊಯ್ಯುವವನು ಮೊದಲು ಕೈ ಹಿಡಿಯಬೇಕು, ಗಂಟು ಎಣಿಸಬೇಕು, ಆಮೇಲೆ ಸೌಟು ಮುಟ್ಟಬೇಕು. ಎಣಿಸದೆ ಮಗುವಿಗೆ ಹೊಯ್ದನೋ, ಆ ಮಗುವಿನ ಕೈಯಲ್ಲಿ ಎಷ್ಟು ಗಂಟಿದೆಯೋ ಅಷ್ಟೇ ಉಳಿಯುವ ಹಾಗೆ ಅವನ ಗಂಟುಗಳನ್ನೂ ಬಿಚ್ಚಬೇಕು. ಅಲ್ಲಿಂದ ಅವನೂ ಮಗುವೇ. ಆ ಮಗುವಿಗೆ ಹದಿನೆಂಟನೆಯ ಗಂಟು ಬಿದ್ದ ದಿನ ಅವನ ಗಂಟುಗಳೆಲ್ಲ ಅವನಿಗೆ ವಾಪಸು.

ಇದು ಯಾವ ಕಾಲದ ಕಟ್ಟಳೆಯೋ. ಯಾರ ಗಂಟನ್ನಾದರೂ ಬಿಚ್ಚಿದ್ದನ್ನು ಊರಿನಲ್ಲಿ ಕಂಡವರಿರಲಿಲ್ಲ. ಆದ್ದರಿಂದ ಹೆದರಿದವರೂ ಇರಲಿಲ್ಲ.

ದೋಣಿ ಕಟ್ಟುವ ಜಾಗದ ಪಕ್ಕದಲ್ಲೇ ಹಾಲಪ್ಪನ ಹೆಂಡದಂಗಡಿ. ಅಪ್ಪ ಅಮ್ಮ ಪ್ರೀತಿಯಿಂದ ಹಾಲಪ್ಪ ಎಂದು ಹೆಸರಿಟ್ಟಿದ್ದರು. ಅವನು ಮಾರಿದ್ದು ಹೆಂಡ. ಐವತ್ತೆರಡು ಗಂಟಿನ ಆಸಾಮಿ, ಒಳ್ಳೆಯ ಮೀಸೆ, ಮೀಸೆಗೆ ತಕ್ಕ ಹೊಟ್ಟೆ. ಗಂಟು ಎಣಿಸುವುದು ಅವನಿಗೆ ಬೇಸರದ ಕೆಲಸ. ಅದಕ್ಕೇ ಬಾಗಿಲ ಕಂಬದ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದಿದ್ದ. ತಲೆ ಗೆರೆ ಮುಟ್ಟಿದರೆ ಹೊಯ್ಯುವುದು, ಮುಟ್ಟದಿದ್ದರೆ ಇಲ್ಲ. ಇಪ್ಪತ್ತು ವರ್ಷ ಹೀಗೇ ನಡೆಯಿತು. ನಲವತ್ತು ದಾಟಿದ ಕುಳ್ಳ ಅಕ್ಕಸಾಲಿಯೊಬ್ಬ ಮಾತ್ರ ಪ್ರತಿಸಲವೂ ತುದಿಗಾಲಲ್ಲಿ ನಿಲ್ಲಬೇಕಾಗುತ್ತಿತ್ತು.

ದೋಣಿ ನಡೆಸುವವನು ಊರಿನ ಅಂಬಿಗ. ಅವನ ಒಬ್ಬಳೇ ಮಗಳು ದ್ಯಾಮಿ. ಹದಿನೈದು ಗಂಟಿನ ಹುಡುಗಿ, ಆದರೆ ಆಳಿನ ಎತ್ತರ. ನೀರು ಕುಡಿದು ಬೆಳೆದ ಬಿದಿರಿನ ಹಾಗೆ ಬೆಳೆದಿದ್ದಳು. ಒಂದು ದಿನ ಅಂಬಿಗನಿಗೆ ಜ್ವರ ಬಂತು. ದ್ಯಾಮಿ ತಾನೇ ಹುಟ್ಟು ಹಿಡಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಆಚೆಗೆ ಹನ್ನೊಂದು ಸಲ, ಈಚೆಗೆ ಹನ್ನೊಂದು ಸಲ. ಅಂಗೈಯಲ್ಲಿ ಬೊಬ್ಬೆ ಎದ್ದವು. ದಡದಲ್ಲಿ ಬಲೆ ಒಣಗಿಸುತ್ತಿದ್ದವರು, "ಹುಟ್ಟು ಹಾಕೋರು ಒಂದು ಕುಡಿಕೆ ಏರಿಸ್ಕೊಂಡ್ರೆ ರಟ್ಟೆ ನೋವು ಗೊತ್ತಾಗಲ್ಲ ಕಣವ್ವ" ಎಂದರು. ಅವರು ತಮಾಷೆಗೆ ಅಂದದ್ದು. ಅವಳು ನಿಜವೆಂದುಕೊಂಡು ಹಾಲಪ್ಪನ ಅಂಗಡಿಗೆ ಹೋದಳು.

ತಲೆ ಗೆರೆ ಮುಟ್ಟಿತು. ಮುಟ್ಟಿದ್ದೇನು, ನಾಲ್ಕು ಬೆರಳು ಮೇಲೆ ಹೋಯಿತು.

"ಅಪ್ಪನ ಹಂಗೇ ಬೆಳೆದುಬಿಟ್ಟಿದೀಯಲ್ಲೇ! ತಗೋ," ಎಂದು ಹಾಲಪ್ಪ ಹೊಯ್ದ. ಅವಳು ಒಂದು ಕುಡಿಕೆ ಕುಡಿದಳು. ಮುಖ ಕಿವುಚಿದಳು. ಅವನು ನಕ್ಕು ಇನ್ನೊಂದು ಹೊಯ್ದ. ಆಮೇಲೆ ಮತ್ತೊಂದು.

ಆ ಹೊತ್ತಿನ ದೋಣಿಯಲ್ಲಿ ಶಾಲೆಯ ಮೇಷ್ಟ್ರಿದ್ದರು, ಒಂದು ಮದುವೆ ದಿಬ್ಬಣವಿತ್ತು, ಒಂದು ಮೇಕೆಯಿತ್ತು. ನಡುಹೊಳೆಗೆ ಹೋದ ಮೇಲೆ ದ್ಯಾಮಿಗೆ ಹಾಡು ಬಂತು. ಹಾಡಿಗೆ ಕೈ ಬೇಕಾಯಿತು. ಕೈ ಬೇಕಾದದ್ದರಿಂದ ಹುಟ್ಟನ್ನು ಬಿಟ್ಟಳು. ಹುಟ್ಟು ತನ್ನ ಪಾಡಿಗೆ ಒಂದು ಕಡೆ ಹೋಯಿತು, ದೋಣಿ ತನ್ನ ಪಾಡಿಗೆ ಇನ್ನೊಂದು ಕಡೆ ಹೋಯಿತು. ವಾಲಗದವರು ಭಯಕ್ಕೆ ವಾಲಗ ಊದಿದರು. ದೋಣಿ ಬಂಡೆಗೆ ಬಡಿದು ಮಗುಚಿತು. ಮೇಷ್ಟ್ರ ಬಲಗಾಲು ಮುರಿಯಿತು. ಮದುಮಗ ಡೋಲು ತಬ್ಬಿಕೊಂಡು ತೇಲುತ್ತ ಕೆಳಗಿನ ಊರು ಸೇರಿದ, ಮುಹೂರ್ತ ಮೀರಿತು. ಮೇಕೆ ಎಲ್ಲರಿಗಿಂತ ಮೊದಲು ಈಜಿ ದಡ ಹತ್ತಿ ಮೈ ಕೊಡವಿಕೊಂಡಿತು.

ದ್ಯಾಮಿಯನ್ನು ನೀರಿನಿಂದ ಎಳೆದು ತಂದರು. ಉಸಿರಿತ್ತು, ಎಚ್ಚರವಿರಲಿಲ್ಲ.

ಎರಡನೆಯ ದಿನವೂ ಅವಳು ಕಣ್ಣು ಬಿಡಲಿಲ್ಲ. ಅಂದು ಊರು ಕಟ್ಟೆಯ ಸುತ್ತ ಸೇರಿತು. ಕಟ್ಟೆಯ ಮೇಲೆ ಮೂವರು ಹಿರಿಯರು. ಎಡಗಡೆಯವರು ತಲೆಯಾಡಿಸುವವರು, ಬಲಗಡೆಯವರು ನಿಟ್ಟುಸಿರು ಬಿಡುವವರು, ಮಾತಾಡುವವರು ನಡುವಿನವರು ಮಾತ್ರ.

"ಹೊಯ್ದೆಯಾ?" ಎಂದು ನಡುವಿನ ಹಿರಿಯರು ಕೇಳಿದರು.

"ಹೊಯ್ದೆ ಸ್ವಾಮಿ," ಎಂದ ಹಾಲಪ್ಪ. "ಆದ್ರೆ ಹುಡುಗಿ ನನಗಿಂತ ಎತ್ತರ ಇದಾಳೆ."

"ತೆಂಗಿನಮರಾನೂ ನಿನಗಿಂತ ಎತ್ತರ ಇದೆ. ಅದಕ್ಕೂ ಹೊಯ್ತೀಯಾ?"

"ಅಂಗಡಿ ತುಂಬ ಜನ ಇದ್ರು ಸ್ವಾಮಿ. ಎಣಿಸೋಕೆ ಪುರುಸೊತ್ತೆಲ್ಲಿ?"

"ಜನ ಜಾಸ್ತಿ ಆದ್ರೆ ಹುಡುಗೀಗೆ ವಯಸ್ಸು ಜಾಸ್ತಿ ಆಗುತ್ತಾ?"

ಹಾಲಪ್ಪ ಮೀಸೆಯ ತುದಿಯನ್ನು ಜಗಿದ. ಅವನಿಗೆ ಹೊಸದೊಂದು ಹೊಳೆಯಿತು. "ಮಾರಿದ್ದು ಅಂಗಡಿ ಸ್ವಾಮಿ, ನಾನಲ್ಲ. ನಾನು ಅಂಗಡಿಯ ಕೈ ಅಷ್ಟೇ. ಕೇಳೋದಾದ್ರೆ ಅಂಗಡೀನ ಕೇಳಬೇಕು."

ಹಿರಿಯರು ಮೂವರೂ ತಲೆಗೆ ತಲೆ ತಾಗಿಸಿ ಪಿಸುಗುಟ್ಟಿದರು. ಬಹಳ ಹೊತ್ತಿನ ಮೇಲೆ ನಡುವಿನವರು ಕತ್ತೆತ್ತಿದರು.

"ಸರಿ. ಅಂಗಡೀಗೆ ಬರಹೇಳು."

ಹಾಲಪ್ಪ ತಿರುಗಿ ಅಂಗಡಿಯ ಕಡೆ ನೋಡಿದ. ಊರೆಲ್ಲ ತಿರುಗಿ ನೋಡಿತು. ಸಾಕಷ್ಟು ಕಾದರು. ಅಂಗಡಿ ಬರಲಿಲ್ಲ.

"ಅದು ಬರಲ್ಲ," ಎಂದರು ಹಿರಿಯರು. "ಅದಕ್ಕೇ ನಿನ್ನ ಕರೆದದ್ದು."

ಆಗ ಹಾಲಪ್ಪನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ: "ಹದಿನೆಂಟು ತುಂಬಿದೆ ಅಂತ ಅವಳೇ ಹೇಳಿದಳು ಸ್ವಾಮಿ. ನಾನು ಕೇಳ್ದೆ, ಅವಳು ಹೇಳಿದಳು."

ಅಲ್ಲ ಎನ್ನಬೇಕಾದವಳು ಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಅಂಬಿಗ ಬಾಯಿ ತೆರೆದ, ಮುಚ್ಚಿದ. ಅವನು ಅಲ್ಲಿರಲಿಲ್ಲವಲ್ಲ, ಏನೆಂದು ಹೇಳಿಯಾನು?

"ಹಾಗಿದ್ರೆ ಸುಳ್ಳು ಹೇಳಿದ್ದು ಅವಳ ತಪ್ಪು," ಎಂದರು ನಡುವಿನ ಹಿರಿಯರು. "ಎಣಿಸದೇ ಇದ್ದದ್ದು ನಿನ್ನ ತಪ್ಪು. ಅವಳ ತಪ್ಪಿನಿಂದ ನಿನ್ನ ತಪ್ಪೇನೂ ಸಣ್ಣದಾಗಲ್ಲ. ಅವಳ ಹೆಸರಿನ ಮುಂದೆ ಸುಳ್ಳು ಹೇಳಿದವಳು ಅಂತ ಬರೀರಿ. ಇವನ ಗಂಟು ಬಿಚ್ಚಿ."

ಕಟ್ಟೆಯ ಕಲ್ಲಿನ ಮೇಲೆ ಹಾಗೆಯೇ ಬರೆದರು. ಒಮ್ಮೆ ಬರೆದರೆ ಅದನ್ನು ಅಳಿಸಲು, ಹೇಳಿದವನೇ ಬಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

ಗಂಟಿನಜ್ಜಿ ಹಾಲಪ್ಪನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚತೊಡಗಿದಳು. ಮೂವತ್ತೇಳು ಗಂಟು. ಬಿಗಿಯಾದವನ್ನು ಇದ್ದ ಎರಡು ಹಲ್ಲಿನಿಂದ ಕಚ್ಚಿ ಸಡಿಲಿಸಿದಳು. ಪ್ರತಿ ಗಂಟಿಗೂ ಅದರ ವರ್ಷವನ್ನು ಹೇಳಿದಳು. ಇದು ನೀನು ಎರಡನೇ ಮಾಳಿಗೆ ಕಟ್ಟಿಸಿದ ವರ್ಷ, ಎಂದು ಬಿಚ್ಚಿದಳು. ಇದು ನಿನಗೆ ಅಂಗಡಿಯ ಪರವಾನಗಿ ಬಂದ ವರ್ಷ, ಎಂದು ಬಿಚ್ಚಿದಳು. ಇದು ನಿನ್ನ ಮದುವೆಯ ವರ್ಷ—

"ಅಜ್ಜೀ, ಅದೊಂದು ಬಿಡು!" ಎಂದು ಹಾಲಪ್ಪ ಕೂಗಿದ.

"ನಡುವಿನದು ಬಿಟ್ಟು ಆಚೇದು ಬಿಚ್ಚೋಕೆ ಬರಲ್ಲ ಮಗಾ," ಎಂದಳು ಅಜ್ಜಿ. ಬಿಚ್ಚಿದಳು.

ಅವನ ಹೆಂಡತಿ ಹೂವಮ್ಮ ಜನರ ನಡುವೆ ನಿಂತಿದ್ದಳು. ಇಪ್ಪತ್ತೆಂಟು ವರ್ಷ ಅವನನ್ನು ರೀ ಎಂದೇ ಕರೆದವಳು. ಗಂಟು ಬಿಚ್ಚಿದ್ದನ್ನು ನೋಡಿದಳು, ಸ್ವಲ್ಪ ಯೋಚಿಸಿದಳು, ಆಮೇಲೆ ಕೂಗಿದಳು: "ಲೋ ಹಾಲಪ್ಪ, ಅಂಗಡಿ ಬೀಗದ ಕೈ ಕೊಟ್ಟು ಹೋಗೋ!"

ಹದಿನೈದು ಗಂಟಿನವನಿಗೆ ಅಂಗಡಿಯಿಲ್ಲ, ಹೆಂಡತಿಯಿಲ್ಲ, ಕಟ್ಟೆಯಲ್ಲಿ ಮಾತಿಲ್ಲ. ಅವನಿಗಿರುವುದು ತಾಯಿ ಮತ್ತು ಶಾಲೆ. ಹಾಲಪ್ಪನ ತಾಯಿ ಗಿಡ್ಡಮ್ಮನಿಗೆ ಎಪ್ಪತ್ತೊಂದು. ಹಿತ್ತಲ ಕೋಣೆಯಲ್ಲಿ ಒಬ್ಬಳೇ ಇದ್ದಳು. ಮಗ ಅವಳನ್ನು ಮಾತಾಡಿಸಿ ಎಷ್ಟು ದಿನವಾಗಿತ್ತೋ. ಊರೆಲ್ಲ ಅಯ್ಯೋ ಎಂದಾಗ ಅವಳೊಬ್ಬಳು ಸೀರೆಯ ಸೆರಗು ಸಿಕ್ಕಿಸಿಕೊಂಡು ನೀರು ಕಾಯಿಸಲು ಹೋದಳು. ಹರಳೆಣ್ಣೆ ಹಚ್ಚಿ, ತಲೆ ತಿಕ್ಕಿ, ಮೀಸೆಗೂ ಸೀಗೆಪುಡಿ ಹಾಕಿ ಉಜ್ಜಿದಳು.

"ಕಣ್ಣುರೀತಿದೆ ಕಣವ್ವಾ!"

"ಮುಚ್ಕೊಂಡ್ರೆ ಉರಿಯಲ್ಲ. ಮೂವತ್ತು ವರ್ಷದ ಕೊಳೆ ಐತೆ ನಿನ್ನ ಮೈಮೇಲೆ, ಸುಮ್ನೆ ಕೂತ್ಕೋ," ಎಂದಳು.

ಮರುದಿನ ದ್ಯಾಮಿ ಕಣ್ಣು ಬಿಟ್ಟಳು. ಸುದ್ದಿ ಕೇಳಿ ಹಾಲಪ್ಪ ಗೋಡೆಯ ಕಡೆ ತಿರುಗಿ ಅತ್ತ. ಹುಡುಗಿ ಉಳಿದಳೆಂಬ ಸಮಾಧಾನವೇ ಅದು. ಅವಳು ಇನ್ನು ಮಾತಾಡುತ್ತಾಳೆಂಬ ಹೆದರಿಕೆಯೂ ಅದರಲ್ಲಿ ಇಲ್ಲದಿರಲಿಲ್ಲ.

ಶಾಲೆಯಲ್ಲಿ ಹದಿನೈದು ಗಂಟಿನವರ ಬೆಂಚು ಒಂದೇ. ಹಾಲಪ್ಪ ಒಂದು ತುದಿಯಲ್ಲಿ ಕೂತರೆ ಇನ್ನೊಂದು ತುದಿ ಮೇಲೇಳುತ್ತಿತ್ತು. ಅದಕ್ಕೆ ಅವನನ್ನು ನಡುವೆ ಕೂರಿಸಿದರು. ಪಕ್ಕದಲ್ಲಿ ದ್ಯಾಮಿ. ಎದುರಿಗೆ ಮುರಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡ ಮೇಷ್ಟ್ರು. ಅವರು ಹಾಲಪ್ಪನನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು, ಮತ್ತೆ ಹಾಲಪ್ಪನನ್ನು ನೋಡಿದರು.

"ಹದಿನೇಳರ ಮಗ್ಗಿ ಹೇಳು," ಎಂದರು.

ಅಂಗಡಿಯಲ್ಲಿ ಬೆರಳು ಮಡಿಸಿಯೇ ಜೀವನ ಕಳೆದ ಹಾಲಪ್ಪ, ಹದಿನೇಳು ಮೂರಲಿಗೆ ಬೆವರಿದ.

ಮೊದಲ ವಾರವಿಡೀ ಅವನು ದ್ಯಾಮಿಯ ಕಡೆ ತಿರುಗಲಿಲ್ಲ. ಎಂಟನೆಯ ದಿನ ತಡೆಯಲಾಗಲಿಲ್ಲ. "ನಿನ್ನಿಂದ ನನಗೆ ಈ ಗತಿ ಬಂತು," ಎಂದು ಪಿಸುಗುಟ್ಟಿದ.

ಅವಳು ಬರೆಯುತ್ತಿದ್ದ ಬಳಪವನ್ನು ನಿಲ್ಲಿಸಿದಳು. "ಹಾಲಪ್ಪಣ್ಣ, ನಾನು ಸುಳ್ಳು ಹೇಳಲಿಲ್ಲ. ನೀವು ಕೇಳಲೇ ಇಲ್ಲವಲ್ಲ."

ಹಾಲಪ್ಪ ಸ್ಲೇಟನ್ನು ನೋಡುತ್ತ ಕೂತ. ಸ್ಲೇಟಿನಲ್ಲಿ ಏನೂ ಬರೆದಿರಲಿಲ್ಲ.

"ಅದೆಲ್ಲ ಈಗ್ಯಾಕೆ," ಎಂದ.

ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವನ ಬಳಪ ಮುರಿದಾಗ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು. ಅವನು ಮಗ್ಗಿ ತಪ್ಪಿದಾಗ ಮೇಜಿನ ಕೆಳಗೆ ಬೆರಳು ತೋರಿಸಿದಳು. ಹೀಗೆ ಒಂದು ಯುಗಾದಿ ಬಂತು, ಇಬ್ಬರಿಗೂ ಹದಿನಾರನೆಯ ಗಂಟು ಬಿತ್ತು. ಇನ್ನೊಂದು ಯುಗಾದಿ ಬಂತು, ಇಬ್ಬರಿಗೂ ಹದಿನೇಳನೆಯ ಗಂಟು ಬಿತ್ತು. ಹಾಲಪ್ಪನ ಹೊಟ್ಟೆ ಕರಗಿತು. ಮಾವಿನ ಮರ ಹತ್ತುವುದು ಮತ್ತೆ ಬಂತು, ಇಳಿಯುವುದು ಬರಲಿಲ್ಲ. ಎರಡು ಸಲ ಏಣಿ ತರಿಸಬೇಕಾಯಿತು. ಗಿಡ್ಡಮ್ಮ ಸಂಜೆಯಾಗುವ ಮೊದಲೇ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ "ಹಾಲಾ, ಬಾರೋ ಒಳಗೆ!" ಎಂದು ಕೂಗುತ್ತಿದ್ದಳು. ಹೋಗದಿದ್ದರೆ ಕೋಲು ಹಿಡಿದು ಬರುತ್ತಿದ್ದಳು. ಅವನು ಹೋಗುತ್ತಿದ್ದ. ರಾಗಿಮುದ್ದೆ ಮುರಿಯುತ್ತ ಅವಳು ಅವನ ಅಪ್ಪನ ಕಾಲದ ಮಾತು ತೆಗೆಯುತ್ತಿದ್ದಳು. ಅವೆಲ್ಲ ಅವನು ಒಮ್ಮೆಯೂ ಕೇಳಿರದ ಮಾತುಗಳು.

ಅಂಗಡಿಯನ್ನು ಹೂವಮ್ಮ ನಡೆಸುತ್ತಿದ್ದಳು. ಕಂಬದ ಗೆರೆಯನ್ನು ಮೊದಲ ದಿನವೇ ಸಗಣಿ ಹಾಕಿ ಸಾರಿಸಿಬಿಟ್ಟಿದ್ದಳು. ಯಾರೇ ಬರಲಿ, ಮೊದಲು ಕೈ ಹಿಡಿಯುವುದು, ಗಂಟು ಎಣಿಸುವುದು, ಆಮೇಲೆ ಸೌಟು. ಎಪ್ಪತ್ತರ ಮುದುಕರನ್ನೂ ಒಂದರಿಂದ ಎಣಿಸುತ್ತಿದ್ದಳು. "ಅಷ್ಟೊತ್ತಿಗೆ ನಮ್ಮ ಆಸೇನೇ ಹೋಗಿಬಿಡುತ್ತೆ ಕಣಮ್ಮಾ," ಎಂದು ಅವರು ಗೊಣಗುತ್ತಿದ್ದರು. ಕೆಲವರ ಆಸೆ ನಿಜವಾಗಿಯೂ ಹೋಯಿತು. ಕುಳ್ಳ ಅಕ್ಕಸಾಲಿ ಮಾತ್ರ ಅಂಗಾಲೂರಿ ನಿಂತು ಕುಡಿದ.

ಮೂರನೆಯ ಯುಗಾದಿಗೆ ಒಂಬತ್ತು ದಿನವಿತ್ತು. ಬಿಸಿಲು. ಶಾಲೆಯಿಂದ ಬರುತ್ತಿದ್ದ ಹಾಲಪ್ಪನ ಮೂಗಿಗೆ ಹೊಸ ಹೆಂಡದ ವಾಸನೆ ಬಡಿಯಿತು. ಮೂರು ವರ್ಷದ ಬಾಯಾರಿಕೆ ಒಟ್ಟಿಗೇ ಎದ್ದು ನಿಂತಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಚೀಲವನ್ನು ಹೊರಗಿಟ್ಟು ಒಳಗೆ ಹೋದ.

"ಹೂವೀ, ಒಂದೇ ಒಂದು ಕುಡಿಕೆ."

"ಕೈ ಚಾಚು," ಎಂದಳು ಹೂವಮ್ಮ.

"ನಾನು ಕಣೇ!"

"ಯಾರಾದ್ರೇನು, ಕೈ ಚಾಚು."

ಚಾಚಿದ. ಅವಳು ಎಣಿಸಿದಳು, ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. "ಹದಿನೇಳು. ಆಗಲ್ಲ."

"ಇನ್ನೊಂಬತ್ತು ದಿನಕ್ಕೆ ಎಲ್ಲಾ ಗಂಟೂ ವಾಪಸು ಬರ್ತವೆ ಕಣೇ. ಇವತ್ತು ಹೊಯ್ದರೆ ಯಾರಿಗೆ ಗೊತ್ತಾಗುತ್ತೆ? ಗೊತ್ತಾದ್ರೂ ಏನಾಗುತ್ತೆ? ನಿನ್ನ ಗಂಟೂ ಹದಿನೇಳಕ್ಕೆ ಇಳೀತವೆ. ನೀನೂ ಹದಿನೇಳು, ನಾನೂ ಹದಿನೇಳು. ಮಾವಿನ ತೋಪಿಗೆ ಹೋಗೋಣ. ನಾನು ಹತ್ತುತೀನಿ, ನೀನು ಕೆಳಗೆ ಸೆರಗು ಒಡ್ಡು."

ಹೂವಮ್ಮನ ಕೈ ಸೌಟಿನ ಮೇಲೆ ಹೋಯಿತು. ಸೌಟು ಗಡಿಗೆಯೊಳಗೆ ಇಳಿಯಿತು. ಒಂದು ಗಳಿಗೆ ಅವಳ ಮುಖದಲ್ಲಿ ಯಾವುದೋ ಹುಡುಗಿ ಬಂದು ಹೋದಳು. ಆಮೇಲೆ ಸೌಟು ಬರಿದೇ ಮೇಲೆ ಬಂತು.

"ನನ್ನ ಹದಿನೇಳು ನಾನು ನೋಡಿ ಆಗಿದೆ," ಎಂದಳು. "ನಿಮ್ಮನೆ ಅಡಿಗೆಮನೇಲಿ, ನಿಮ್ಮಮ್ಮನ ಕಣ್ಣೆದುರಿಗೆ, ಒದ್ದೆ ಸೌದೆ ಊದ್ತಾ. ಅದನ್ನ ಇನ್ನೊಂದು ಸಲ ಯಾರು ಕೊಟ್ರೂ ನನಗೆ ಬೇಡ."

ಹಾಲಪ್ಪ ಹೋಗಲು ತಿರುಗಿದ.

"ನಿಂತ್ಕೋ. ಒಂದು ಮಾತು ಕೇಳ್ತೀನಿ," ಎಂದಳು. "ಮೂರು ವರ್ಷದಿಂದ ಈ ಜಾಗದಲ್ಲಿ ನಿಂತಿದೀನಿ. ಎಳೇ ಹುಡುಗರೂ ಬಂದಿದಾರೆ. ಕೈ ಚಾಚು ಅಂದ್ರೆ ಚಾಚ್ತಾರೆ, ಇಲ್ಲ ಅಂದ್ರೆ ಓಡಿಹೋಗ್ತಾರೆ. ನನ್ನ ಹತ್ರ ಒಬ್ಬರೂ ಸುಳ್ಳು ಹೇಳಿಲ್ಲ. ಆ ದ್ಯಾಮಿ ನಿನಗೆ ನಿಜವಾಗ್ಲೂ ಹದಿನೆಂಟು ಅಂತ ಹೇಳಿದ್ಲಾ?"

ಹಾಲಪ್ಪ ಚೀಲ ಎತ್ತಿಕೊಂಡು ಹೊರಟ.

ದಡದಲ್ಲಿ ದ್ಯಾಮಿ ಮಗುಚಿ ಹಾಕಿದ ದೋಣಿಯ ತಳಕ್ಕೆ ಅರಗು ಮೆತ್ತುತ್ತಿದ್ದಳು. ಅಂಬಿಗನಿಗೆ ಈಚೆಗೆ ಕೈಯಲ್ಲಿ ಬಲವಿರಲಿಲ್ಲ. ದೋಣಿ ಹೊರಟ ಕಡೆಗೆ ಹೋಗುತ್ತಿರಲಿಲ್ಲ, ಹೋದ ಕಡೆಗೇ ಜನ ಇಳಿದುಕೊಳ್ಳುತ್ತಿದ್ದರು.

"ಯುಗಾದಿ ಆದಮೇಲೆ ನೀನೇ ತಾನೇ ಹುಟ್ಟು ಹಿಡಿಯೋದು?" ಎಂದು ಕೇಳಿದ ಹಾಲಪ್ಪ, ಉತ್ತರ ಗೊತ್ತಿದ್ದೂ.

"ನನಗೆಲ್ಲಿ ಕೊಡ್ತಾರೆ?" ಎಂದಳು ಅವಳು, ತಲೆ ಎತ್ತದೆ. "ಇಲ್ಲಿ ಸುಳಿ ಇದೆ ಅಂದ್ರೆ, ಇವತ್ತು ಹೊಳೆ ದಾಟೋ ಹಾಗಿಲ್ಲ ಅಂದ್ರೆ, ಅಂಬಿಗನ ಮಾತು ಜನ ನಂಬಬೇಕು. ಕಟ್ಟೆ ಕಲ್ಲಿನ ಮೇಲೆ ನನ್ನ ಹೆಸರಿನ ಮುಂದೆ ಬರೆದಿದಾರಲ್ಲ. ಕೆಳಗಿನ ಊರಿಂದ ಬೇರೆ ಯಾರನ್ನೋ ಕರೆಸ್ತಾರಂತೆ. ದೋಣಿ ಅವರಿಗೆ ಚೆನ್ನಾಗಿರೋದು ಸಿಗಲಿ ಅಂತ ಮೆತ್ತುತಿದೀನಿ."

ಹಾಲಪ್ಪ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತ. ಅವಳು ಕೈಗೆ ಕೊಟ್ಟ ಅರಗನ್ನು ಬಿರುಕಿಗೆ ಮೆತ್ತಿದ. ಅಂದು ಗಿಡ್ಡಮ್ಮ ಕೋಲು ಹಿಡಿದೇ ಬರಬೇಕಾಯಿತು.

ಒಂಬತ್ತು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ. ಹುಡುಗನಿಗೆ ದೃಷ್ಟಿಯಾಗಿದೆ ಎಂದು ಗಿಡ್ಡಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಯುಗಾದಿ ಬಂತು. ಊರು ಕಟ್ಟೆಯ ಸುತ್ತ ಸೇರಿತು. ಗಂಟಿನಜ್ಜಿ ದ್ಯಾಮಿಯ ದಾರಕ್ಕೆ ಹದಿನೆಂಟನೆಯ ಗಂಟು ಹಾಕಿದಳು. ಆಮೇಲೆ ಹಾಲಪ್ಪನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಇವನಿಗೆ ಹಾಕಬೇಕಾದ ಗಂಟು ಬಹಳವಿತ್ತು. ಅದಕ್ಕೆಂದೇ ಎಲೆಯಡಿಕೆ ಮಡಿಸಿಟ್ಟುಕೊಂಡಿದ್ದಳು. ಹೂವಮ್ಮ ಹೊಸ ಸೀರೆಯುಟ್ಟು ಮುಂದೆ ನಿಂತಿದ್ದಳು.

"ಒಂದು ನಿಮಿಷ ಅಜ್ಜಿ," ಎಂದ ಹಾಲಪ್ಪ. ಕೈ ಎಳೆದುಕೊಂಡ. ಹಿರಿಯರ ಕಡೆ ತಿರುಗಿದ. "ಸ್ವಾಮಿ, ನಾನು ಮಾತಾಡಬಹುದಾ?"

"ಹದಿನೇಳು ಗಂಟಿನವರು ಕಟ್ಟೇಲಿ ಮಾತಾಡೋ ಹಾಗಿಲ್ಲ," ಎಂದರು ನಡುವಿನ ಹಿರಿಯರು. "ಗಂಟು ಬೀಳಲಿ, ಆಮೇಲೆ ಮಾತಾಡು."

"ಗಂಟು ಬಿದ್ದ ಮೇಲೆ ನಾನು ಮಾತಾಡಲ್ಲ ಸ್ವಾಮಿ. ನನ್ನನ್ನ ನಾನು ಬಲ್ಲೆ."

ಎಡಗಡೆಯ ಹಿರಿಯರು ತಲೆಯಾಡಿಸಿದರು. ನಡುವಿನವರು ಹೂಂ ಎಂದರು.

"ಅವಳು ಹದಿನೆಂಟು ಅಂತ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೆದರಿ ಹಾಗಂದೆ. ಕಲ್ಲಿನ ಮೇಲಿರೋದು ನನ್ನ ಸುಳ್ಳು, ಅವಳದಲ್ಲ."

ಬಲಗಡೆಯ ಹಿರಿಯರು ಅದುವರೆಗೆ ಬಿಟ್ಟ ನಿಟ್ಟುಸಿರುಗಳಲ್ಲೆಲ್ಲ ದೊಡ್ಡದನ್ನು ಬಿಟ್ಟರು. ಅಂಬಿಗ ಎದ್ದು ನಿಂತ. ದ್ಯಾಮಿ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಳು.

"ಆ ಹುಡುಗಿ ಎಷ್ಟು ವರ್ಷ ಸುಳ್ಳುಗಾತಿ ಅನ್ನಿಸ್ಕೊಂಡಳು?" ಎಂದು ನಡುವಿನ ಹಿರಿಯರು ಕೇಳಿದರು.

"ಮೂರು ವರ್ಷ."

"ಹಾಗಾದ್ರೆ ನೀನು ಇನ್ನೂ ಮೂರು ವರ್ಷ ಹದಿನೇಳರಲ್ಲೇ ಇರು. ಕಲ್ಲು ತೊಳೀರಿ."

ನೀರು ತಂದು ಕಲ್ಲು ತೊಳೆದರು. ಯಾರಿಗೂ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಿಡ್ಡಮ್ಮನಿಗೆ ಮಾತ್ರ ತಿಳಿಯಿತು. ಎರಡು ಕೈ ಮೇಲೆತ್ತಿ, ತಟ್ಟಿ, "ನನ್ನ ಮಗ ಇನ್ನೂ ಮೂರು ವರ್ಷ ನನ್ನ ಹತ್ರಾನೇ ಇರ್ತಾನೆ!" ಎಂದು ಕೂಗಿದಳು. ಗಂಟಿನಜ್ಜಿ ಮಡಿಸಿದ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡು, ಕೆಲಸ ತಪ್ಪಿತೆಂದು ಕಾಲು ಚಾಚಿದಳು.

ಹೂವಮ್ಮ ಹಾಲಪ್ಪನ ಹತ್ತಿರ ಬಂದಳು. ಹೊಸ ಸೀರೆಯ ಸೆರಗಿನಿಂದ ಅವನ ಮೂಗು ಒರೆಸಿದಳು.

"ಮೂರು ವರ್ಷ ಕಾಯ್ತೀನಿ," ಎಂದಳು. "ಆಮೇಲೆ ಬಂದು ಕೇಳು. ನಾನು ಹೂಂ ಅಂತೀನಿ ಅಂತ ಈಗ್ಲೇ ಹೇಳಲ್ಲ. ಬಂದು ಕೇಳು."

ಮರುದಿನ ಬೆಳಿಗ್ಗೆ ದ್ಯಾಮಿ ಹುಟ್ಟು ಹಿಡಿದು ದೋಣಿಯಲ್ಲಿ ನಿಂತಿದ್ದಳು. ಮಕ್ಕಳು ದೋಣಿ ಹತ್ತುವಾಗ ದೊಡ್ಡವರ ಕೈ ಹಿಡಿದು ಹತ್ತಬೇಕು. ಸಣ್ಣಪುಟ್ಟವರೆಲ್ಲ ಹತ್ತಿದ ಮೇಲೆ ದಡದಲ್ಲಿ ಚೀಲ ನೇತುಹಾಕಿಕೊಂಡ ಹಾಲಪ್ಪನೊಬ್ಬ ಉಳಿದ. ನರೆತ ಮೀಸೆ, ಹಣೆಯಲ್ಲಿ ತಾಯಿ ಇಟ್ಟ ಕುಂಕುಮ.

ದ್ಯಾಮಿ ಕೈ ನೀಡಿದಳು. "ಬಾರಪ್ಪ," ಎಂದಳು. ಅವನು ಆ ಕೈ ಹಿಡಿದು ಹತ್ತಿದ. ದೋಣಿ ಒಂದು ಕಡೆಗೆ ತೂಗಿ, ನೀರು ಚೆಲ್ಲಿಸಿ, ಮತ್ತೆ ಸಮವಾಯಿತು.

ಊರುಗೋಲಿನ ಮೇಲೆ ಗದ್ದ ಊರಿ ಕೂತಿದ್ದ ಮೇಷ್ಟ್ರು ಕೇಳಿದರು: "ಹಾಲಪ್ಪ, ಹತ್ತೊಂಬತ್ತರ ಮಗ್ಗಿ ಬರೆದ್ಯಾ?"

"ಬರೆ..." ಎಂದ ಹಾಲಪ್ಪ. ನಿಲ್ಲಿಸಿದ. "ಇಲ್ಲ ಮೇಷ್ಟ್ರೇ. ಬರೆದಿಲ್ಲ."

"ಹಾಗಾದ್ರೆ ಆಚೆ ದಡದವರೆಗೂ ನಿಂತ್ಕೊಂಡು ಬಾ!"

ಹಾಲಪ್ಪ ಎದ್ದು ನಿಲ್ಲಲು ಹೋದ.

"ಬೇಡಿ ಮೇಷ್ಟ್ರೇ," ಎಂದಳು ದ್ಯಾಮಿ. "ಇವನು ನಿಂತ್ರೆ ದೋಣಿ ಮಗುಚುತ್ತೆ. ಆಚೆ ಹೋದ ಮೇಲೆ ನಿಲ್ಲಿಸಿ."

ಮೇಷ್ಟ್ರು ಅವಳ ಮುಖ ನೋಡಿದರು. ನೀರನ್ನು ನೋಡಿದರು.

"ಅಂಬಿಗಿತ್ತೀನೇ ಹೇಳಿದ ಮೇಲೆ ಮುಗೀತು," ಎಂದರು. "ಕೂತ್ಕೊಳ್ಳೋ."

ಹಾಲಪ್ಪ ಎರಡು ಕೈಯಲ್ಲೂ ಹಲಗೆ ಹಿಡಿದು ಕೂತ. ದ್ಯಾಮಿ ದಡಕ್ಕೆ ಹುಟ್ಟು ಊರಿ ನೂಕಿದಳು. ದೋಣಿ ನೆಟ್ಟಗೆ ಆಚೆ ದಡಕ್ಕೆ ಹೊರಟಿತು.